ಹಳೇ ಮರಕ್ಕೆ ಸ್ಯಾಂಡರ್ ಹಾಕೋ ಮುಂಚೆ ಪೆನ್ಸಿಲಲ್ಲಿ ಗೀಚಿ
ಹಳೇ ಬಾಗಿಲು, ಟೇಬಲ್ಲು ಏನಾದ್ರೂ ಸ್ಯಾಂಡರ್ ಮಷೀನಲ್ಲಿ ಉಜ್ಜೋರು ಪ್ರತಿ ಸಲ ಸ್ಯಾಂಡ್ ಪೇಪರ್ ಬದಲಾಯಿಸಿದಾಗ ಮರದ ಮೇಲೆಲ್ಲಾ ಪೆನ್ಸಿಲಲ್ಲಿ ತೆಳ್ಳಗೆ ಅಡ್ಡಾದಿಡ್ಡಿ ಗೀಚ್ಕೊಳ್ಳಿ, ಗೀಟು ಪೂರ್ತಿ ಹೋಗೋವರೆಗೂ ಉಜ್ಜಿ, ಆಮೇಲೇ ಮುಂದಿನ ನಂಬರ್ ಪೇಪರ್ ಹಾಕಿ, 80 ಆದ್ಮೇಲೆ 120, ಆಮೇಲೆ 180 (ನಂಬರ್ ಜಾಸ್ತಿ ಆದಷ್ಟೂ ಪೇಪರ್ ನಯ). ಮಷೀನ್ ಎಲ್ಲಿ ತಾಗಿಲ್ವೋ ಎಲ್ಲಿ ತಗ್ಗಿದ್ಯೋ ಅಲ್ಲಿ ಗೀಟು ಹಾಗೇ ಉಳಿಯುತ್ತೆ, ಹೀಗೆ ಗೀಚದಿದ್ರೆ ಒರಟು ಪೇಪರಿನ ಗೀರು ಧೂಳಲ್ಲಿ ಗೊತ್ತಾಗಲ್ಲ, ಪಾಲಿಶ್ ಹೊಡೆದ್ಮೇಲೆ ಸುರುಳಿ ಸುರುಳಿಯಾಗಿ ಎದ್ದು ಕಾಣುತ್ತೆ, ಆಗ ಮತ್ತೆ ಮೊದಲಿಂದ ಕೆಲಸ. ಮಷೀನ್ ಒತ್ಬೇಡಿ ಪ್ಲೀಸ್, ಅದರ ತೂಕವೇ ಸಾಕು. ಬೀಟೆ ಥರ ಕಪ್ಪು ಮರದಲ್ಲಿ ಪೆನ್ಸಿಲ್ ಕಾಣಲ್ಲ, ಬಿಳಿ ಸೀಮೆಸುಣ್ಣ ತಗೊಳ್ಳಿ. ಕೆತ್ತನೆ ಇರೋ ಕಡೆ ಇದು ನಡೆಯಲ್ಲ, ಕೈಯಲ್ಲೇ ಉಜ್ಬೇಕು. ವೆನೀರ್ (ಮರದ ತೆಳ್ಳನೆ ಹಾಳೆ) ಅಂಟಿಸಿದ ಪ್ಲೈವುಡ್ ಮೇಲಂತೂ ಬೇಡ, ಗೀಟು ಹೋಗ್ಲಿ ಅಂತ ಉಜ್ತಾ ಉಜ್ತಾ ಮೇಲಿನ ಪದರವೇ ಹೋಗ್ಬಿಡುತ್ತೆ. ಇನ್ನೊಂದು, ತುಂಬಾ ಹಳೇ ಪೇಂಟ್ ಇದ್ರೆ ಅದ್ರಲ್ಲಿ ಸೀಸ ಇರ್ಬೋದು, ಅದಕ್ಕೆ ಮಷೀನ್ ಹಾಕ್ಲೇಬೇಡಿ, ಆ ಧೂಳು ಮಕ್ಕಳಿರೋ ಮನೇಲಿ ತುಂಬಾ ಅಪಾಯ.