ಬೆಳ್ಳಗಿರುವುದೆಲ್ಲ ನಿಮ್ಮ ಚೆಂಡಲ್ಲ

ರಫ್‌ನ ಎತ್ತರದ ಹುಲ್ಲಿನಲ್ಲಿ, ಗಾಲ್ಫ್ ಆಡುವಾಗ, ಬೆಳ್ಳಗೆ ಏನೋ ಕಂಡಿತು. ಹತ್ತಿರ ಹೋದರೆ ನಿಮ್ಮದೇ ಕಂಪನಿಯ ಚೆಂಡು, ನಂಬರೂ ಅದೇ. ಇನ್ನೇನು, ಹೊಡೆದೇಬಿಡೋಣ ಅನ್ನಿಸುತ್ತದೆ ಅಲ್ವಾ? ಸ್ವಲ್ಪ ತಡೆಯಿರಿ. ಅದು ಜೊತೆಗಾರರದ್ದೋ, ನಿನ್ನೆ ಯಾರೋ ಕಳೆದುಕೊಂಡದ್ದೋ ಆಗಿದ್ದರೆ ಸ್ಟ್ರೋಕ್ ಪ್ಲೇಯಲ್ಲಿ (ಒಟ್ಟು ಹೊಡೆತ ಎಣಿಸುವ ಆಟ) 2 ಪೆನಾಲ್ಟಿ ಸ್ಟ್ರೋಕ್, ಅಂದರೆ ದಂಡವಾಗಿ 2 ಹೊಡೆತ ಸೇರುತ್ತದೆ. ಮ್ಯಾಚ್ ಪ್ಲೇಯಲ್ಲಾದರೆ (ಒಂದೊಂದೇ ಹೋಲ್ ಗೆಲ್ಲುವ ಆಟ) ಆ ಹೋಲೇ ಎದುರಾಳಿಗೆ ಹೋಯಿತು.

ಹಾಗಾಗಿ ಕೆಲಸ ಶುರುವಾಗಬೇಕಾದ್ದು ಮನೆಯಲ್ಲೇ. ಒಂದು ಪರ್ಮನೆಂಟ್ ಮಾರ್ಕರ್ ತೆಗೆದುಕೊಂಡು ಪ್ರತಿ ಚೆಂಡಿನ ಮೇಲೂ ಗುರುತು ಹಾಕಿ. ನಿಯಮದಲ್ಲಿ ಇದು ಸಲಹೆ ಮಾತ್ರ, ಕಡ್ಡಾಯವಲ್ಲ. ಆದರೂ ಬಿಡಬೇಡಿ. ಒಂದೇ ಚುಕ್ಕೆ ಇಟ್ಟರೆ ಸಾಲದು, ಚುಕ್ಕೆ ಎಲ್ಲರೂ ಇಡುತ್ತಾರೆ. ನಿಮ್ಮ ಹೆಸರಿನ ಮೊದಲ ಅಕ್ಷರವೋ ಸಣ್ಣ ಚಿತ್ರವೋ ಇರಲಿ. ಮೂರು ನಾಲ್ಕು ಕಡೆ ಹಾಕಿ. ಚೆಂಡು ಹೇಗೆ ಬಿದ್ದಿದ್ದರೂ ಗುರುತು ಕಂಡರೆ ಮುಟ್ಟುವ ಕೆಲಸವೇ ಇರುವುದಿಲ್ಲ. ಮೊದಲ ಟೀಯಲ್ಲಿ (ಹೋಲ್ ಶುರುಮಾಡುವ ಜಾಗ) ನಿಮ್ಮ ಚೆಂಡು ಯಾವುದು ಅಂತ ಜೊತೆಗಾರರಿಗೂ ಹೇಳಿಬಿಡಿ.

ಚೆಂಡು ನಿಮ್ಮದೇ ಎನ್ನಲು ನಿಯಮ ಮೂರು ದಾರಿ ಕೊಡುತ್ತದೆ. ನಿಮ್ಮ ಚೆಂಡು ಬಂದು ನಿಂತದ್ದನ್ನು ಕಣ್ಣಾರೆ ನೋಡಿರಬೇಕು. ಇಲ್ಲವೇ ನಿಮ್ಮ ಗುರುತು ಕಾಣಬೇಕು. ಅದೂ ಇಲ್ಲದಿದ್ದರೆ ಚೆಂಡು ಇರಬಹುದಾದ ಜಾಗದಲ್ಲೇ ಸಿಕ್ಕಿರಬೇಕು, ಕಂಪನಿ, ಮಾಡೆಲ್, ನಂಬರ್, ಹಳೆಯದೋ ಹೊಸದೋ ಎಂಬುದೆಲ್ಲ ತಾಳೆಯಾಗಬೇಕು. ಈ ಮೂರನೆಯದನ್ನು ಜಾಸ್ತಿ ನೆಚ್ಚಿಕೊಳ್ಳಬೇಡಿ. ಪಕ್ಕದಲ್ಲೇ ಅಂಥದ್ದೇ ಇನ್ನೊಂದು ಚೆಂಡಿದ್ದು, ಯಾವುದು ಯಾರದ್ದು ಅಂತ ಹೇಳಲಾಗದಿದ್ದರೆ, ಎದುರಿಗೇ ಇದ್ದರೂ ನಿಮ್ಮ ಚೆಂಡು ಕಳೆದುಹೋದ ಲೆಕ್ಕ.

ಹುಡುಕಲು ಇರುವುದು 3 ನಿಮಿಷ. 2019ಕ್ಕೆ ಮೊದಲು 5 ನಿಮಿಷ ಇತ್ತು. ಕೊನೇ ಗಳಿಗೆಯಲ್ಲಿ ಒಂದು ಚೆಂಡು ಸಿಕ್ಕಿತು, ನಿಮ್ಮದೋ ಅಲ್ಲವೋ ಗೊತ್ತಾಗುತ್ತಿಲ್ಲ ಅಂದರೆ ಗಾಬರಿ ಬೇಡ. ಅದನ್ನು ಪರೀಕ್ಷಿಸಲು ಬೇಕಾದಷ್ಟು ಸಮಯ ಬೇರೆಯಾಗಿ ಸಿಗುತ್ತದೆ.

ಗುರುತು ಕೆಳಗಡೆ ಸಿಕ್ಕಿಕೊಂಡಿದ್ದರೆ ಚೆಂಡನ್ನು ಎತ್ತಿ ನೋಡಬಹುದು. ಹೆಚ್ಚಿನವರು ಎಡವುವುದು ಇಲ್ಲೇ. ಮೊದಲು ಚೆಂಡಿನ ಹಿಂದೆಯೋ ಪಕ್ಕದಲ್ಲೋ ಟೀ (ಚೆಂಡು ಇಟ್ಟು ಹೊಡೆಯುವ ಸಣ್ಣ ಕಡ್ಡಿ) ಅಥವಾ ನಾಣ್ಯ ಇಟ್ಟು ಜಾಗ ಗುರುತಿಸಿ, ಆಮೇಲೆ ಕೈ ಹಾಕಿ. ಎತ್ತದೆ ಸುಮ್ನೆ ಬೆರಳಲ್ಲಿ ತಿರುಗಿಸಿ ನೋಡುವುದಿದ್ದರೂ ಇದೇ ನಿಯಮ. ಮಣ್ಣು ಮೆತ್ತಿದ್ದರೆ ಗುರುತು ಕಾಣುವಷ್ಟು ಮಾತ್ರ ಒರೆಸಿ. ಪೂರ್ತಿ ಫಳಫಳ ಮಾಡುವುದಕ್ಕೆ ಗ್ರೀನ್‌ನಲ್ಲಿ (ಗುಳಿಯ ಸುತ್ತಲಿನ ನುಣ್ಣನೆಯ ಹುಲ್ಲು) ಮಾತ್ರ ಅವಕಾಶ. ಜಾಗ ಗುರುತಿಸದಿದ್ದರೆ, ಜಾಸ್ತಿ ಒರೆಸಿದರೆ ಅಥವಾ ಅಗತ್ಯವೇ ಇಲ್ಲದೆ ಎತ್ತಿದರೆ 1 ಪೆನಾಲ್ಟಿ ಸ್ಟ್ರೋಕ್. ಎತ್ತುವ ಮೊದಲು ಜೊತೆಗಾರರಿಗೆ ಹೇಳಬೇಕೆಂಬ ನಿಯಮ 2019ರಲ್ಲಿ ಹೋಯಿತು. ನಾನಂತೂ ಈಗಲೂ ಹೇಳಿಯೇ ಎತ್ತುತ್ತೇನೆ, ಅನುಮಾನಕ್ಕೆ ಯಾಕೆ ಎಡೆ ಕೊಡಬೇಕು?

ಚೆಂಡು ನಿಮ್ಮದಾಗಿರಲಿ, ಬೇರೆ ಆಟಗಾರರದ್ದಾಗಿರಲಿ, ಇದ್ದಲ್ಲೇ ವಾಪಸ್ ಇಡಬೇಕು. ಬಂಕರ್‌ನಲ್ಲೂ (ಮರಳಿನ ಗುಂಡಿ) ಎತ್ತಬಹುದು. ಅಲ್ಲಿ ಎತ್ತುವ ಹಾಗಿಲ್ಲ ಅಂತ ವಾದಿಸುವ ಹಳಬರು ಸಿಗಬಹುದು, ಆ ನಿಯಮ 2008ರಲ್ಲೇ ಬದಲಾಗಿದೆ. ಆದರೆ ಚೆಂಡು ಮರಳಲ್ಲಿ ಹೂತಿದ್ದರೆ ಮತ್ತೆ ಹಾಗೆಯೇ ಹೂತಿಡಬೇಕು. ಮರಳಿನಿಂದ ಪೂರ್ತಿ ಮುಚ್ಚಿಹೋಗಿದ್ದ ಚೆಂಡಾದರೆ ಒಂದಿಷ್ಟೇ ಭಾಗ ಕಾಣುವಂತೆ ಬಿಡಬಹುದು.

ಇಷ್ಟಾದರೂ ತಪ್ಪು ಚೆಂಡಿಗೆ ಹೊಡೆದುಬಿಟ್ಟಿರಾ? ಸ್ಟ್ರೋಕ್ ಪ್ಲೇಯಲ್ಲಿ ಆ ಹೊಡೆತಗಳು ಲೆಕ್ಕಕ್ಕಿಲ್ಲ, 2 ಪೆನಾಲ್ಟಿ ಮಾತ್ರ ಲೆಕ್ಕಕ್ಕೆ ಬರುತ್ತದೆ. ಹಿಂದಕ್ಕೆ ಹೋಗಿ ನಿಮ್ಮ ಚೆಂಡಿನಿಂದಲೇ ಆಡಿ ಸರಿಪಡಿಸಿ. ಸರಿಪಡಿಸದೆ ಮುಂದಿನ ಹೋಲ್‌ನ ಟೀಯಿಂದ ಹೊಡೆದರೆ ಸ್ಪರ್ಧೆಯಿಂದಲೇ ಹೊರಗೆ.

ಪ್ರೊವಿಷನಲ್ ಬಾಲ್ (ಮೊದಲ ಚೆಂಡು ಕಳೆದಿರಬಹುದು ಅಂತ ಆಡುವ ಇನ್ನೊಂದು ಚೆಂಡು) ಆಡುವಾಗಲೂ ಇದೇ ಎಚ್ಚರ ಇರಲಿ. ಮೊದಲ ಚೆಂಡು 2ನೇ ನಂಬರಿನದಾಗಿದ್ದರೆ ಇದು 3 ಇರಲಿ, ಗುರುತೂ ಬೇರೆ ಇರಲಿ. ಎರಡೂ ಒಂದೇ ಪೊದೆಯಲ್ಲಿ ಬಿದ್ದಿರುವುದೂ ಉಂಟು.