ಕೊಪ್ಪಳದಿಂದ ಗಂಗೋತ್ರಿಗೆ: ಮೊದಲ ಸಲ ಹಾಸ್ಟೆಲ್ ಸೇರುವ ಹುಡುಗಿಯರಿಗೆ

ಪ್ರತಿ ವರ್ಷ ಅಡ್ಮಿಷನ್ ಹೊತ್ತಿಗೆ ನಮ್ಮೂರ ಕಡೆಯ ಒಂದಿಬ್ಬರು ಹುಡುಗಿಯರು ಫೋನ್ ಮಾಡುತ್ತಾರೆ. "ಅಕ್ಕಾ, ಮೈಸೂರಾಗ ಸೀಟ್ ಸಿಕ್ಕೈತಿ, ಹಾಸ್ಟೆಲಿಗೆ ಏನೇನು ತಗೊಂಡು ಹೋಗಬೇಕು?" ಅಂತ. ಫೋನಿನಲ್ಲಿ ಹೇಳುವಾಗ ಅರ್ಧ ಮರೆತೇ ಹೋಗುತ್ತದೆ. ಅದಕ್ಕೇ ಈ ಸಲ ಕೂತು ಬರೆಯುತ್ತಿದ್ದೇನೆ.

ನಾನು ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯವಳು. ಡಿಗ್ರಿ ನಮ್ಮ ಕಡೆಯೇ ಮುಗಿಸಿ, ಇತಿಹಾಸ ಎಂ.ಎ. ಓದಲು ಮೈಸೂರು ವಿಶ್ವವಿದ್ಯಾಲಯದ ಕ್ಯಾಂಪಸ್ಸಾದ ಮಾನಸಗಂಗೋತ್ರಿಗೆ ಬಂದೆ. ಎರಡು ವರ್ಷ ಹಾಸ್ಟೆಲಿನಲ್ಲಿದ್ದೆ. ಅದಕ್ಕೂ ಮೊದಲು ಒಂದು ವಾರವೂ ಮನೆ ಬಿಟ್ಟು ಇದ್ದವಳಲ್ಲ.

ಕಾಗದಪತ್ರದ ಮಾತು ಮೊದಲು ಮುಗಿಸಿಬಿಡೋಣ. ಎಸ್ಸೆಸ್ಸೆಲ್ಸಿಯಿಂದ ಡಿಗ್ರಿವರೆಗಿನ ಮಾರ್ಕ್ಸ್ ಕಾರ್ಡ್, ಟಿಸಿ, ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಾಸ್‌ಬುಕ್, ಫೋಟೋ. ಬೇರೆ ವಿಶ್ವವಿದ್ಯಾಲಯದಿಂದ ಬರುವವರು ಮೈಗ್ರೇಷನ್ ಸರ್ಟಿಫಿಕೇಟನ್ನು ಅಲ್ಲಿಂದಲೇ ತೆಗೆಸಿಕೊಂಡು ಬನ್ನಿ. ಇಲ್ಲಿಗೆ ಬಂದ ಮೇಲೆ ಅದಕ್ಕಾಗಿ ಮತ್ತೆ ರಾತ್ರಿಯೆಲ್ಲ ಪ್ರಯಾಣ ಮಾಡುವುದು ಯಾರಿಗೂ ಬೇಡ. ನಮ್ಮ ಕಲ್ಯಾಣ ಕರ್ನಾಟಕದವರು 371(ಜೆ) ಪ್ರಮಾಣಪತ್ರವನ್ನೂ (ನಮ್ಮ ಭಾಗದವರಿಗಿರುವ ಮೀಸಲಾತಿಯದು) ಇಟ್ಟುಕೊಳ್ಳಿ. ಎಲ್ಲದಕ್ಕೂ ನಾಲ್ಕು ಜೆರಾಕ್ಸ್ ಮಾಡಿಸಿ, ಮೊಬೈಲಿನಲ್ಲೂ ಫೋಟೋ ತೆಗೆದಿಡಿ.

ಹಾಸ್ಟೆಲ್ ಅಂದರೆ ಒಂದೇ ಥರ ಅಲ್ಲ. ವಿಶ್ವವಿದ್ಯಾಲಯದ ಹಾಸ್ಟೆಲ್ ಬೇರೆ. ಸಮಾಜ ಕಲ್ಯಾಣ ಇಲಾಖೆಯದು, ಬಿಸಿಎಂ (ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ) ಅವರದು ಬೇರೆ. ಇಲಾಖೆಯ ಹಾಸ್ಟೆಲುಗಳಲ್ಲಿ ಊಟ, ವಸತಿ ಉಚಿತ. ಅವುಗಳಿಗೆ ರಾಜ್ಯ ವಿದ್ಯಾರ್ಥಿನಿಲಯದ ಪೋರ್ಟಲಿನಲ್ಲಿ ಅರ್ಜಿ ಹಾಕಬೇಕು. ಹಿಂದುಳಿದ ವರ್ಗದವರಿಗೆ ಹಾಸ್ಟೆಲ್ ಸಿಗದಿದ್ದರೆ ಊಟ, ವಸತಿಗೆ ವಿದ್ಯಾಸಿರಿ ಯೋಜನೆಯ ಸಹಾಯಧನ ಇದೆ. ಸೀಟು ಸಿಕ್ಕ ದಿನವೇ ಕೊನೆ ದಿನಾಂಕ ಯಾವುದು ಅಂತ ನೋಡಿಕೊಳ್ಳಿ.

ಸ್ಕಾಲರ್‌ಶಿಪ್ ವಿಷಯದಲ್ಲಿ ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ) ಪೋರ್ಟಲಿನಲ್ಲಿ ಅರ್ಜಿ ಹಾಕಿದೆ, ಇ-ಅಟೆಸ್ಟೇಷನ್ (ದಾಖಲೆಗಳ ಆನ್‌ಲೈನ್ ದೃಢೀಕರಣ) ಮಾಡಿಸಿದೆ, ಎಲ್ಲ ಸರಿ ಅಂದುಕೊಂಡೆ. ಗೆಳತಿಯರಿಗೆಲ್ಲ ದುಡ್ಡು ಬಂತು, ನನಗೆ ಬರಲಿಲ್ಲ. ವಿಚಾರಿಸಿದರೆ, ಪಿಯುಸಿಯಲ್ಲಿ ತೆಗೆಸಿದ್ದ ನನ್ನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯೇ ಆಗಿರಲಿಲ್ಲ. ಪಾಸ್‌ಬುಕ್ಕಿನಲ್ಲಿ ಆಧಾರ್ ನಂಬರ್ ಇದ್ದರೆ ಸಾಲದು. ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ಆಧಾರ್ ಮೂಲಕ ಬರುವ ದುಡ್ಡು ಈ ಖಾತೆಗೇ ಬರುವ ಹಾಗೆ ಜೋಡಣೆ, ಆಗಿದೆಯಾ ಅಂತ ಬ್ಯಾಂಕಿನವರನ್ನು ಇದೇ ಪದ ಹೇಳಿ ಕೇಳಿ. ಊರು ಬಿಡುವ ಮೊದಲೇ ಕೇಳಿ. ಮೂರು ತಿಂಗಳು ಅಪ್ಪನ ಹತ್ತಿರ ಮತ್ತೆ ಮತ್ತೆ ದುಡ್ಡು ಕೇಳುವಾಗ ನನಗೆ ಆದ ಸಂಕಟ ನಿಮಗೆ ಆಗಬಾರದು.

ಏನು ಹೊರಬೇಕು, ಏನು ಬೇಡ

ಬಕೆಟ್, ಮಗ್, ಚಾಪೆ, ಹಗ್ಗ, ಪೊರಕೆ, ಇವೆಲ್ಲ ಮೈಸೂರಿನಲ್ಲೇ ಸಿಗುತ್ತವೆ. ದೇವರಾಜ ಮಾರ್ಕೆಟ್ ಸುತ್ತಮುತ್ತ ಒಂದು ಸುತ್ತು ಹಾಕಿದರೆ ಮುಗಿಯಿತು. ಊರಿನಿಂದ ಹೊತ್ತು ತರಬೇಡಿ. ಬೀಗ ಮಾತ್ರ ಗಟ್ಟಿಯದು ತನ್ನಿ, ಎರಡು ಕೀ ಇರುವಂಥದ್ದು. ಒಂದು ಕೀ ರೂಮ್‌ಮೇಟ್ ಹತ್ತಿರ ಇರಲಿ. ಬಕೆಟ್ ಮೇಲೆ ಬಣ್ಣದಿಂದ ಹೆಸರು ಬರೆಯಿರಿ, ಎಲ್ಲರ ಬಕೆಟ್ಟೂ ಒಂದೇ ನೀಲಿ ಬಣ್ಣದ್ದಿರುತ್ತದೆ.

ಊರಿನಿಂದ ತರಲೇಬೇಕಾದದ್ದು ಎರಡು. ಒಂದು ಕೌದಿ. ಹಾಸ್ಟೆಲಿನ ಕಾಟಿನ ಮೇಲೆ ಅದನ್ನು ನಾಲ್ಕು ಮಡಿಕೆ ಮಾಡಿ ಹಾಸಬಹುದು, ಚಳಿಗೆ ಹೊದೆಯಬಹುದು. ನನ್ನ ಕೌದಿಯಲ್ಲಿ ಅವ್ವನ ಹಳೇ ಹಸಿರು ಸೀರೆ ಇತ್ತು, ಅಜ್ಜಿಯ ಇಳಕಲ್ ಸೀರೆಯ ಸೆರಗಿನ ತುಂಡೊಂದು ಮೂಲೆಯಲ್ಲಿತ್ತು. ಮೊದಲ ರಾತ್ರಿ ಲೈಟ್ ಆರಿಸಿದ ಮೇಲೆ ಆ ಮೂಲೆ ಹುಡುಕಿ, ಅದನ್ನು ಕೈಯಲ್ಲಿ ಹಿಡಿದೇ ಮಲಗಿದೆ. ಹೊಲಿಗೆ ಬೆರಳಿಗೆ ಸಿಕ್ಕುತ್ತಿತ್ತು. "ಇಷ್ಟು ಭಾರದ್ದು ಯಾಕೆ" ಅಂತ ಯಾರಾದರೂ ಅಂದರೆ ಕೇಳಬೇಡಿ, ತನ್ನಿ.

ಎರಡನೆಯದು ಖಡಕ್ ರೊಟ್ಟಿ ಮತ್ತು ಪುಡಿಗಳು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ. ರೊಟ್ಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಮೆತ್ತಗಾಗಿ ಬೂಸ್ಟು ಬರುತ್ತದೆ. ಚೆನ್ನಾಗಿ ಆರಿಸಿ, ಹತ್ತಿ ಬಟ್ಟೆಯಲ್ಲಿ ಸುತ್ತಿ, ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಳ ಬಿಗಿ ಮಾಡಿ. ಮೈಸೂರಿನ ಮಳೆಗಾಲದಲ್ಲಿ ಡಬ್ಬಿ ತೆರೆದಿಟ್ಟರೆ ಸಂಜೆಯೊಳಗೆ ಖಡಕ್ ಹೋಗಿಬಿಡುತ್ತದೆ. ಪುಡಿಗೆ ಒದ್ದೆ ಚಮಚ ಹಾಕಬೇಡಿ.

ಬರುವ ದಾರಿ ಸುಲಭ. ಕೊಪ್ಪಳದಿಂದ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ರೈಲು ಬದಲಿಸದೆ ಮೈಸೂರು. ಬಸ್ಸಿಗೆ ಬಂದರೆ ಶಕ್ತಿ ಯೋಜನೆ ಇದೆ, ರಾಜಹಂಸ, ಎಸಿ ಬಸ್ಸುಗಳಿಗೆ ಅದು ನಡೆಯುವುದಿಲ್ಲ. ದಸರಾ, ದೀಪಾವಳಿ ಹೊತ್ತಿಗೆ ರೈಲಿನಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ. ಮುಂಗಡ ಬುಕಿಂಗ್ 60 ದಿನ ಮೊದಲೇ ತೆರೆಯುತ್ತದೆ, ಆ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಮುದ್ದೆ ಮತ್ತು ಮಾತು

ಊಟದ ಚಿಂತೆ ಎಲ್ಲರಿಗೂ ಇರುತ್ತದೆ. ಹುಟ್ಟಿದಾಗಿನಿಂದ ಜೋಳದ ರೊಟ್ಟಿ ತಿಂದ ಹೊಟ್ಟೆಗೆ ಅನ್ನ ಎಷ್ಟು ತಿಂದರೂ ಹಸಿವು. ಮೊದಲ ವಾರ ನಾನು ಮೆಸ್ಸಿನಲ್ಲಿ ಮುದ್ದೆ ಮುಟ್ಟಲೇ ಇಲ್ಲ. ನನ್ನ ರೂಮ್‌ಮೇಟ್ ಮಳವಳ್ಳಿ ಕಡೆಯವಳು. ಒಂದು ರಾತ್ರಿ ನಾನು ಮುದ್ದೆಯ ಚೂರು ಬಾಯಿಗಿಟ್ಟು ಅಗಿಯುತ್ತಾ ಒದ್ದಾಡುವುದನ್ನು ನೋಡಿ, "ಅಗೀಬೇಡ ಕಣೆ, ನುಂಗು" ಅಂದಳು. ಆಮೇಲೆ ಅವಳೇ ತೋರಿಸಿದಳು. ಬೆರಳ ತುದಿಯನ್ನು ಸಾರಿನಲ್ಲಿ ಅದ್ದಿಕೊಂಡು, ನೆಲ್ಲಿಕಾಯಿಯಷ್ಟು ಮುರಿದು, ಬೆರಳಲ್ಲೇ ಉರುಟು ಮಾಡಿ, ಸಾರಿನಲ್ಲಿ ಹೊರಳಿಸಿ, ಸೀದಾ ಗಂಟಲಿಗೆ. ಮೂರನೇ ತುತ್ತಿಗೆ ಬಂತು. ಅವತ್ತು ರಾತ್ರಿ ಹಸಿವಾಗದೆ ಮಲಗಿದೆ. ಮರುದಿನ ನನ್ನ ಡಬ್ಬಿ ತೆಗೆದು ಅವಳಿಗೆ ರೊಟ್ಟಿ ಮುರಿದು ಕೊಟ್ಟೆ, ಮೊಸರು, ಶೇಂಗಾ ಚಟ್ನಿ ಹಚ್ಚಿ. ಇಡೀ ಕಾರಿಡಾರಿಗೆ ಸುದ್ದಿ ಹೋಗಿ ವಾರದೊಳಗೆ ಡಬ್ಬಿ ಖಾಲಿ. ಅದರಿಂದ ನನಗೆ ಸಿಕ್ಕಿದ್ದು ಆರು ಜನ ಗೆಳತಿಯರು.

ಅದಕ್ಕೇ ಹೇಳುತ್ತೇನೆ, ಡಬ್ಬಿಯನ್ನು ಟ್ರಂಕಿನಲ್ಲಿ ಬಚ್ಚಿಡಬೇಡಿ. ಗೊತ್ತಿಲ್ಲದ್ದನ್ನು ಕೇಳುವುದಕ್ಕೂ ನಾಚಿಕೆ ಪಡಬೇಡಿ. ಮೆಸ್ಸಿನ ಲೆಕ್ಕ ಡಿವೈಡಿಂಗಾ (ಆದ ಖರ್ಚನ್ನು ಎಲ್ಲರೂ ಹಂಚಿಕೊಳ್ಳುವುದಾ), ತಿಂಗಳಿಗೆ ಇಷ್ಟು ಅಂತಲಾ? ಊರಿಗೆ ಹೋದ ದಿನಗಳನ್ನು ಕಳೆಯಬೇಕಾದರೆ ಎಲ್ಲಿ ಬರೆಸಬೇಕು? ಗೇಟ್ ಎಷ್ಟು ಹೊತ್ತಿಗೆ ಹಾಕುತ್ತಾರೆ? ಬಿಸಿನೀರು ಎಷ್ಟರಿಂದ ಎಷ್ಟರವರೆಗೆ? ಇವನ್ನೆಲ್ಲ ಮೊದಲ ದಿನವೇ ಸೀನಿಯರ್ ಅಕ್ಕಂದಿರ ಹತ್ತಿರ ಕೇಳಿ.

ನಾನು ಕೇಳಲಿಲ್ಲ. ಕಾರಣ ಭಾಷೆ. ನಾನು ತಾಟು ಅನ್ನುತ್ತಿದ್ದೆ, ಅವರು ತಟ್ಟೆ ಅನ್ನುತ್ತಿದ್ದರು. ನನ್ನ ಖೋಲಿ ಅವರಿಗೆ ರೂಮು. ಬೇಗ ಬಾ ಅನ್ನಲು "ಲಗೂನ ಬಾ" ಅಂದಾಗ ರೂಮ್‌ಮೇಟ್ ಮುಖ ನೋಡಿದಳು. ಆವತ್ತಿನಿಂದ ನಾನು ಮಾತೇ ಕಡಿಮೆ ಮಾಡಿದೆ. ಕ್ಲಾಸಿನಲ್ಲಿ ಉತ್ತರ ಗೊತ್ತಿದ್ದರೂ ಬಾಯಿ ಬಿಡುತ್ತಿರಲಿಲ್ಲ. ಯಾರೂ ನಕ್ಕಿರಲಿಲ್ಲ. ನಗುತ್ತಾರೆ ಅಂತ ನಾನೇ ಅಂದುಕೊಂಡಿದ್ದೆ. ಒಂದು ದಿನ ರೂಮ್‌ಮೇಟ್ ತಾನಾಗಿಯೇ "ಲಗೂನ ಬಾರೆ, ಮೆಸ್ ಕ್ಲೋಸ್ ಆಗುತ್ತೆ" ಅಂದಳು. ಆ ಒಂದು ಪದ ಅವಳ ಬಾಯಲ್ಲಿ ಕೇಳಿ ನನ್ನ ಎದೆ ಹಗುರಾಯಿತು. ನಿಮ್ಮ ಮಾತನ್ನು ಬದಲಿಸಿಕೊಳ್ಳಬೇಡಿ. ಅರ್ಥವಾಗದಿದ್ದರೆ ಅವರು ಕೇಳುತ್ತಾರೆ, ನೀವೂ ಕೇಳಿ.

ಓದು

ಸೆಮಿಸ್ಟರ್ ಅಂದರೆ ಬೇಗ ಮುಗಿದುಹೋಗುತ್ತದೆ. ಹಾರ್ಡ್‌ಕೋರ್ (ಕಡ್ಡಾಯ ವಿಷಯ), ಸಾಫ್ಟ್‌ಕೋರ್ (ನಮ್ಮ ವಿಭಾಗದಲ್ಲೇ ಆಯ್ದುಕೊಳ್ಳುವ ವಿಷಯ), ಓಪನ್ ಎಲೆಕ್ಟಿವ್ ಅಂತೆಲ್ಲ ಇರುತ್ತದೆ. ಓಪನ್ ಎಲೆಕ್ಟಿವನ್ನು ಬೇರೆ ವಿಭಾಗದಲ್ಲಿ ತೆಗೆದುಕೊಳ್ಳಬೇಕು. ಗೆಳತಿ ತಗೊಂಡಳು ಅಂತ ತಗೊಳ್ಳಬೇಡಿ, ಆ ವಿಭಾಗಕ್ಕೆ ಹೋಗಿ ಸಿಲಬಸ್ ನೋಡಿ. ಹಾಜರಿ 75 ಪರ್ಸೆಂಟ್ ಬೇಕು. ಸಿ1, ಸಿ2 ಅಂದರೆ ಸೆಮಿಸ್ಟರ್ ನಡುವೆ ಕೊಡುವ ಆಂತರಿಕ ಅಂಕಗಳು, ಅವನ್ನು ಹಗುರವಾಗಿ ನೋಡಬೇಡಿ, ಕೊನೆಯ ಪರೀಕ್ಷೆಯ ಭಾರ ಇಳಿಸುವುದು ಅವೇ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಒಂದು ಉಪಾಯ. ಮೊದಲ ದಿನ ನನಗೆ ಕೇಳಿಸಿದ ಪದ "ಹಿಸ್ಟೋರಿಯೋಗ್ರಫಿ". ಸ್ಪೆಲ್ಲಿಂಗ್ ಬರಲಿಲ್ಲ, ಕನ್ನಡ ಅಕ್ಷರದಲ್ಲೇ ಬರೆದುಕೊಂಡೆ. ಸಂಜೆ ಲೈಬ್ರರಿಗೆ ಹೋಗಿ ನೋಡಿದರೆ, ಚರಿತ್ರೆಯನ್ನು ಬರೆಯುವ ಬಗೆ ಅಂತ ಅರ್ಥ. ಎಷ್ಟು ಸರಳ ಅಲ್ವಾ! ಅಂದಿನಿಂದ 100 ಪುಟದ ಒಂದು ನೋಟ್‌ಬುಕ್ ಇಟ್ಟೆ. ಎಡಗಡೆ ಕೇಳಿದ ಪದ, ಬಲಗಡೆ ನನ್ನ ಮಾತಿನಲ್ಲಿ ಅರ್ಥ. ಎರಡನೇ ಸೆಮಿಸ್ಟರ್ ಹೊತ್ತಿಗೆ ಅದನ್ನು ತೆರೆಯುವುದೇ ಅಪರೂಪವಾಯಿತು.

ರ‍್ಯಾಗಿಂಗ್ ಯಾವ ರೂಪದಲ್ಲಿದ್ದರೂ ಸಹಿಸಿಕೊಳ್ಳಬೇಡಿ. 1800-180-5522 ಉಚಿತ ನಂಬರ್, ದಿನದ ಯಾವ ಹೊತ್ತಿನಲ್ಲೂ ಮಾಡಬಹುದು. ಮನಸ್ಸು ತೀರಾ ಕುಗ್ಗಿದರೆ ಟೆಲಿ ಮನಸ್ 14416, ಕನ್ನಡದಲ್ಲೇ ಮಾತಾಡಬಹುದು. ಎರಡನ್ನೂ ಈಗಲೇ ಮೊಬೈಲಿನಲ್ಲಿ ಸೇವ್ ಮಾಡಿ.

ಮನೆ ನೆನಪಾದಾಗ

ನನ್ನ ಗಟ್ಟಿ ಅಭಿಪ್ರಾಯ ಇದು: ಮೊದಲ ಒಂದು ತಿಂಗಳು ಊರಿಗೆ ಹೋಗಬೇಡಿ. ಎರಡನೇ ವಾರವೇ ಓಡಿಹೋದ ಹುಡುಗಿಯರು ವಾಪಸ್ ಬಂದ ಮೇಲೆ ಮೊದಲಿಗಿಂತ ಜಾಸ್ತಿ ಅತ್ತಿದ್ದನ್ನು ನೋಡಿದ್ದೇನೆ. ಅವ್ವನಿಗೆ ದಿನಾ ಒಂದೇ ಹೊತ್ತಿಗೆ ಫೋನ್ ಮಾಡಿ, ನಾನು ರಾತ್ರಿ ಊಟ ಆದ ಮೇಲೆ ಮಾಡುತ್ತಿದ್ದೆ. ಸಂಜೆ ಹೊತ್ತು ರೂಮಿನಲ್ಲಿ ಕೂರಬೇಡಿ, ನೆನಪು ಕಾಡುವುದೇ ಆ ಹೊತ್ತಿಗೆ. ಕುಕ್ಕರಹಳ್ಳಿ ಕೆರೆ ಪಕ್ಕದಲ್ಲೇ ಇದೆ. ಏರಿ ಮೇಲೆ ನಡೆಯಿರಿ. ನೀರಿನ ಮೇಲೆ ಹೆಜ್ಜಾರ್ಲೆಗಳು ದೋಣಿಯ ಹಾಗೆ ತೇಲುತ್ತಿರುತ್ತವೆ. ಈ ಜಾಗಕ್ಕೆ ಮಾನಸಗಂಗೋತ್ರಿ ಅಂತ ಹೆಸರಿಟ್ಟ ಕುವೆಂಪು ಅವರೂ ಮಲೆನಾಡಿನ ಕುಪ್ಪಳಿ ಬಿಟ್ಟು ಓದಲು ಮೈಸೂರಿಗೆ ಬಂದವರು, ಇದೇ ಕೆರೆಯ ದಂಡೆಯಲ್ಲಿ ನಡೆದವರು. ನನಗೆ ಅದು ದೊಡ್ಡ ಧೈರ್ಯ ಕೊಡುತ್ತಿತ್ತು.

ಹಬ್ಬದ ದಿನ ಕಷ್ಟ. ನನಗೆ ಎಳ್ಳಮವಾಸ್ಯೆ ಬಂದಾಗ ತಡೆಯಲಾಗಲಿಲ್ಲ. ಊರಲ್ಲಿ ಆ ದಿನ ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ, ಚರಗ ಚೆಲ್ಲುತ್ತಾರೆ, ಅಂದರೆ ಭೂಮಿತಾಯಿಗೆ ಅಂತ ಬುತ್ತಿಯ ತುತ್ತನ್ನು ಹೊಲದಲ್ಲಿ ಚೆಲ್ಲುತ್ತಾರೆ. ಇಲ್ಲಿ ಆ ಹಬ್ಬದ ಹೆಸರೇ ಯಾರಿಗೂ ಗೊತ್ತಿಲ್ಲ. ಬೆಳಿಗ್ಗೆಯಿಂದ ಸುಮ್ನೆ ಕೂತಿದ್ದೆ. ರೂಮ್‌ಮೇಟ್ ಕೇಳಿದಾಗ ಎಲ್ಲ ಹೇಳಿದೆ. "ಹಂಗಾದ್ರೆ ನಡಿ, ನಾವೂ ಹೋಗೋಣ" ಅಂದಳು. ಹಿಂದಿನ ದಿನವಷ್ಟೇ ನಮ್ಮೂರ ಹುಡುಗನೊಬ್ಬ ರೈಲಿನಲ್ಲಿ ಬರುವಾಗ ಅವ್ವ ಕೊಟ್ಟು ಕಳಿಸಿದ್ದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಇದ್ದವು. ಕ್ಯಾಂಪಸ್ಸಿನ ಒಂದು ಮರದ ಕೆಳಗೆ ನಾಲ್ಕು ಜನ ಕೂತೆವು. ನಾನು ಒಂದು ತುತ್ತು ನಾಲ್ಕೂ ದಿಕ್ಕಿಗೆ ಚೆಲ್ಲಿದೆ. ಅವರೂ ಚೆಲ್ಲಿದರು. ಆಮೇಲೆ ಹೋಳಿಗೆ ತಿಂದೆವು.

ಮೊದಲ ಸಲ ಊರಿಗೆ ಹೋಗುವಾಗ ಖಾಲಿ ಡಬ್ಬಿಗಳನ್ನೆಲ್ಲ ಒಯ್ಯಿರಿ, ತುಂಬಿಸಿಕೊಂಡು ಬರಬೇಕಲ್ಲ. ನನ್ನ ಒಂದು ಡಬ್ಬಿ ಹೋಗುವಾಗಲೇ ತುಂಬಿತ್ತು. ರೂಮ್‌ಮೇಟಿನ ಅಮ್ಮ ಅದರಲ್ಲಿ ರಾಗಿ ಹಿಟ್ಟು ತುಂಬಿ, ನಮ್ಮವ್ವನಿಗೆ ಅಂತ ಕೊಟ್ಟಿದ್ದರು. ನಾನು ವಾಪಸ್ ಹಾಸ್ಟೆಲಿಗೆ ಬಂದ ಎರಡು ದಿನಕ್ಕೆ ಅವ್ವನ ಫೋನ್ ಬಂತು. "ಆ ಹುಡುಗೀನ ಕೇಳು, ಒಂದು ತಂಬಿಗಿ ನೀರಿಗೆ ಹಿಟ್ಟು ಎಷ್ಟು ಹಾಕಬೇಕಂತ?" ನಾನು ಫೋನನ್ನು ರೂಮ್‌ಮೇಟಿನ ಕೈಗೇ ಕೊಟ್ಟೆ.