ಹಳೆಯ ಇಟಾಲಿಯನ್ ದೀಪವನ್ನು ಮನೆಯಲ್ಲಿ ಮತ್ತೆ ಬೆಳಗಿಸುವ ಬಗೆ

1950 ಮತ್ತು 60ರ ದಶಕಗಳಲ್ಲಿ ಇಟಲಿಯಲ್ಲಿ ತಯಾರಾದ ಒಂದು ಮೇಜಿನ ದೀಪವೋ ನಿಲುದೀಪವೋ ವಿದೇಶದಿಂದ ಮರಳಿದ ಬಂಧುಗಳ ಸಾಮಾನಿನ ಜೊತೆಗೆ ಹುಬ್ಬಳ್ಳಿ ಅಥವಾ ಧಾರವಾಡದ ಮನೆಗೆ ಬಂದು ಸೇರಿದ್ದರೆ, ಅದರ ಪ್ಲಗ್ಗನ್ನು ಅಡಾಪ್ಟರಿಗೆ ಸಿಕ್ಕಿಸಿ ಉರಿಯುತ್ತದೆಯೇ ಎಂದು ನೋಡುವ ಆಸೆಯನ್ನು ಮೊದಲು ತಡೆಯಬೇಕು. ಆ ಕಾಲದ ವೈರಿನ ಹೊದಿಕೆ ಈಗ ಒಣಗಿ ಪೆಡಸಾಗಿ ಬಿರುಕು ಬಿಟ್ಟಿರುವುದೇ ಹೆಚ್ಚು, ಮತ್ತು ಹಲವು ದೀಪಗಳಲ್ಲಿ ಅರ್ಥ್ ತಂತಿಯೇ ಇರುವುದಿಲ್ಲ. ಬಿರುಕಿನಿಂದ ಹೊರಬಂದ ತಾಮ್ರದ ಎಳೆ ಹಿತ್ತಾಳೆಯ ಕಂಬಕ್ಕೆ ತಾಗಿದರೆ ಇಡೀ ದೀಪಕ್ಕೇ ಕರೆಂಟು ಹರಿಯುತ್ತದೆ. ಆದ್ದರಿಂದ ನಾನು ಪಾಲಿಸುವ ನಿಯಮ ಇದು: ಕರೆಂಟು ಹರಿಯುವ ಭಾಗಗಳನ್ನು ಅಗತ್ಯವಿದ್ದಷ್ಟೂ ಹೊಸದಾಗಿಸಬಹುದು, ಕಣ್ಣಿಗೆ ಕಾಣುವ ರೂಪವನ್ನು ಮಾತ್ರ ಬದಲಿಸಬಾರದು.

ಕೆಲಸಕ್ಕೆ ಕೈಹಾಕುವ ಮೊದಲು ದೀಪ ಯಾವುದೆಂದು ಗುರುತಿಸಿಕೊಳ್ಳಿ. ಬುಡದ ಅಡಿ, ಛತ್ರಿಯ ಒಳಮೈ ಮತ್ತು ಹೋಲ್ಡರಿನ ಸುತ್ತ ತಯಾರಕರ ಚೀಟಿ ಅಥವಾ ಮುದ್ರೆ ಇರಬಹುದು: ಜೀನೊ ಸಾರ್ಫಾತ್ತಿ 1939ರಲ್ಲಿ ಕಟ್ಟಿದ ಆರ್ತೆಲೂಚೆ, ಸ್ತಿಲ್ನೋವೊ, ಓಲೂಚೆ, ಆರ್ತೆಮಿದೆ, ಫ್ಲೋಸ್ ಇವು ಆ ಕಾಲದ ದೊಡ್ಡ ಹೆಸರುಗಳು. ಚೀಟಿಯನ್ನು ಕೀಳದೆ, ಒದ್ದೆ ಮಾಡದೆ ಅದರ ಫೋಟೊ ತೆಗೆದಿಟ್ಟುಕೊಳ್ಳಿ, ಏಕೆಂದರೆ ಬಲ್ಬಿನ ಗರಿಷ್ಠ ವ್ಯಾಟ್ ಅಲ್ಲೇ ಬರೆದಿರಬಹುದು. ಗುರುತು ಸಿಕ್ಕರೆ ಯಾವುದನ್ನು ಮುಟ್ಟಬಾರದು ಎಂಬುದೂ ತಿಳಿಯುತ್ತದೆ. ಸಾರ್ಫಾತ್ತಿಯವರು 1958ರಲ್ಲಿ ರೂಪಿಸಿದ 2097 ಎಂಬ ತೂಗುದೀಪದಲ್ಲಿ ವೈರುಗಳು ನಡುಗಂಬದಿಂದ ಪ್ರತಿ ಬಲ್ಬಿಗೂ ಇಳಿಬಿದ್ದು ತೋರಣದಂತೆ ಕಾಣುತ್ತವೆ. ಅಕಿಲ್ಲೆ ಮತ್ತು ಪಿಯೇರ್ ಜಾಕೊಮೊ ಕಾಸ್ತಿಲ್ಯೋನಿ ಸಹೋದರರ 1962ರ ತೊಯೊ ದೀಪದಲ್ಲಿ ಕಾರಿನ ಹೆಡ್‌ಲೈಟೇ ಬಲ್ಬು. ಗಾಳದ ಕೋಲಿಗೆ ಹಾಕುವ ಉಂಗುರಗಳ ಮೂಲಕ ವೈರು ಮೇಲೇರುತ್ತದೆ, ಬುಡದಲ್ಲಿರುವ ಟ್ರಾನ್ಸ್‌ಫಾರ್ಮರಿನ ಭಾರವೇ ದೀಪವನ್ನು ನಿಲ್ಲಿಸುತ್ತದೆ. ಇಂಥ ದೀಪಗಳಲ್ಲಿ ವೈರನ್ನು ಬದಲಿಸುವುದಾದರೆ ಅದೇ ಬಣ್ಣ, ಅದೇ ದಪ್ಪದ್ದನ್ನು ಹುಡುಕಲೇಬೇಕು.

ಟ್ರಾನ್ಸ್‌ಫಾರ್ಮರ್ ಇರುವ ದೀಪಗಳಿಗೆ ಇನ್ನೊಂದು ಎಚ್ಚರಿಕೆ ಬೇಕು. ಇಟಲಿಯಲ್ಲಿ ಆಗ ಎಲ್ಲ ಊರುಗಳಲ್ಲೂ ಒಂದೇ ವೋಲ್ಟೇಜ್ ಇರಲಿಲ್ಲ. 125 ವೋಲ್ಟಿನ ಸಂಪರ್ಕಗಳೂ ಇದ್ದವು. ಅಂಥ ಟ್ರಾನ್ಸ್‌ಫಾರ್ಮರನ್ನು ನಮ್ಮ 230 ವೋಲ್ಟಿಗೆ ಜೋಡಿಸಿದರೆ ಅದು ಸುಟ್ಟುಹೋಗುತ್ತದೆ. ನೇರವಾಗಿ ಬಲ್ಬಿಗೆ ವೈರು ಹೋಗುವ ಸಾದಾ ದೀಪಗಳಲ್ಲಿ ಈ ತೊಂದರೆಯಿಲ್ಲ.

ವೈರಿಂಗಿಗೆ ಅನುಭವಿ ವೈರ್‌ಮನ್ ಜೊತೆಗಿರಲಿ. ನೀವೂ ಪಕ್ಕದಲ್ಲೇ ನಿಂತಿರಿ. 0.75 ಚದರ ಮಿಲಿಮೀಟರಿನ ಮೂರೆಳೆಯ ತಾಮ್ರದ ವೈರು ಒಂದೇ ಬಲ್ಬಿನ ದೀಪಕ್ಕೆ ಧಾರಾಳವಾಗಿ ಸಾಕು. ಹಳೆಯ ವೈರನ್ನು ಸುಮ್ಮನೆ ಎಳೆದು ತೆಗೆದರೆ ಬಾಗಿದ ಕೊಳವೆಯೊಳಗೆ ಹೊಸದನ್ನು ತೂರಿಸುವುದು ಬಹಳ ಕಷ್ಟ, ಆದ್ದರಿಂದ ಅದರ ತುದಿಗೆ ಗಟ್ಟಿ ದಾರ ಕಟ್ಟಿ, ವೈರು ಹೊರಬರುವಾಗ ದಾರ ಒಳಗೆ ಸಾಗುವಂತೆ ಮಾಡಿ, ಬಳಿಕ ಆ ದಾರದಿಂದ ಹೊಸ ವೈರನ್ನು ಎಳೆದುಕೊಳ್ಳಬೇಕು. ಕೊಳವೆಯ ಬಾಯಿ ಹರಿತವಾಗಿದ್ದರೆ ಅಲ್ಲಿ ರಬ್ಬರ್ ಬುಷ್ ಕೂರಿಸಿ. ಫೇಸ್ ತಂತಿ ಹೋಲ್ಡರಿನ ನಡುವಿನ ಬಿಂದುವಿಗೂ ನ್ಯೂಟ್ರಲ್ ತಂತಿ ತಿರುಪಿನ ಹೊರಬಳೆಗೂ ಸೇರಬೇಕು. ಅದಲುಬದಲಾದರೆ ಬಲ್ಬು ಬದಲಿಸುವಾಗ ಬೆರಳಿಗೆ ತಾಗುವ ಭಾಗದಲ್ಲೇ ಕರೆಂಟು ಇರುತ್ತದೆ. ಸ್ವಿಚ್ಚು ಫೇಸ್ ತಂತಿಯನ್ನೇ ಕಡಿಯಬೇಕು. ಅರ್ಥ್ ತಂತಿಯನ್ನು ಬಣ್ಣ ಕೆರೆದ ಲೋಹಕ್ಕೆ ಬಿಗಿದು, ಮೂರು ಪಿನ್ನಿನ ಪ್ಲಗ್ ಹಾಕಿದ ಮೇಲೆ, ಪ್ಲಗ್ಗಿನ ದಪ್ಪ ಪಿನ್ನಿನಿಂದ ದೀಪದ ಪ್ರತಿಯೊಂದು ಲೋಹದ ಭಾಗಕ್ಕೂ ಸಂಪರ್ಕವಿದೆಯೇ ಎಂದು ಮಲ್ಟಿಮೀಟರಿನಿಂದ ನೋಡಿ. ಬಣ್ಣ ಬಳಿದ ಕೀಲುಗಳ ಆಚೆಗಿನ ತೋಳಿಗೆ ಅರ್ಥ್ ತಲುಪದೇ ಇರಬಹುದು, ಆಗ ಅದಕ್ಕೆ ಬೇರೆಯೇ ತಂತಿ ಬೇಕು.

ಹೋಲ್ಡರಿನ ವಿಷಯದಲ್ಲಿ ಗಟ್ಟಿಯಾಗಿ ಹೇಳಬೇಕಾದ ಮಾತೊಂದಿದೆ. ನಮ್ಮ ಮನೆಗಳಲ್ಲಿ ಪಿನ್ನಿನ ಬಲ್ಬೇ ರೂಢಿಯಾದ್ದರಿಂದ, ತಿರುಪಿನ ಹೋಲ್ಡರನ್ನು ಕಿತ್ತು ಪಿನ್ನಿನದನ್ನು ಹಾಕಿಬಿಡೋಣ ಎಂದು ಅಂಗಡಿಯವರು ಸೂಚಿಸಬಹುದು. ಒಪ್ಪಬೇಡಿ. ಬಲ್ಬಿನ ಎತ್ತರ ಸ್ವಲ್ಪ ಬದಲಾದರೂ ಬೆಳಕು ಛತ್ರಿಯಲ್ಲಿ ಹರಡುವ ರೀತಿ ಕೆಡುತ್ತದೆ, ಮತ್ತು ಇ27, ಇ14 ತಿರುಪಿನ ಎಲ್‌ಇಡಿ ಬಲ್ಬುಗಳು ಈಗ ಸುಲಭವಾಗಿ ದೊರೆಯುತ್ತವೆ. 2700 ಕೆಲ್ವಿನ್ನಿನ ಹಳದಿ ಬೆಳಕನ್ನೇ ಆರಿಸಿ. ಈ ದೀಪಗಳ ಹಾಲುಗಾಜು, ಹಿತ್ತಾಳೆ, ಬಣ್ಣ ಎಲ್ಲವೂ ಫಿಲಮೆಂಟಿನ ಬೆಚ್ಚನೆಯ ಬೆಳಕನ್ನು ಎಣಿಸಿಯೇ ಹೊಂದಿಸಿದವು. ಎಲ್‌ಇಡಿಯಿಂದ ಕಾವು ಕಡಿಮೆಯಾಗುವ ಲಾಭವೂ ಇದೆ. ವಿಕೊ ಮಾಜಿಸ್ತ್ರೆತ್ತಿಯವರು 1965ರಲ್ಲಿ ರೂಪಿಸಿದ ಎಕ್ಲಿಸ್ಸೆ ದೀಪದಲ್ಲಿ ಒಳಗಿನ ಚಿಪ್ಪನ್ನು ಕೈಯಿಂದ ತಿರುಗಿಸಿ, ಗ್ರಹಣ ಹಿಡಿದಂತೆ ಬೆಳಕನ್ನು ಮರೆಮಾಡಬೇಕು. ಹಳೆಯ ಬಲ್ಬಿದ್ದಾಗ ಆ ಚಿಪ್ಪು ಬೆರಳು ಸುಡುವಷ್ಟು ಕಾಯುತ್ತಿತ್ತು.

ಶುಚಿ ಮಾಡುವಾಗ ಕೈ ಹಗುರವಾಗಿರಲಿ. ನಮ್ಮಲ್ಲಿ ಹಿತ್ತಾಳೆ ಎಂದೊಡನೆ ಹುಣಸೆಹಣ್ಣು ನೆನಪಾಗುತ್ತದೆ, ಆದರೆ ಅದು ಈ ದೀಪಗಳ ವಾರ್ನಿಷನ್ನೂ ಕಾಲ ಕೊಟ್ಟ ಬಣ್ಣವನ್ನೂ ತಿಂದುಹಾಕುತ್ತದೆ. ಒಣಗಿದ ಮೆತ್ತನೆಯ ಹತ್ತಿ ಬಟ್ಟೆ ಸಾಕು. ಅಕ್ರಿಲಿಕ್ ಭಾಗಗಳಿಗೆ ಸ್ಪಿರಿಟ್, ಥಿನ್ನರ್ ತಾಗಿಸಬೇಡಿ, ನವಿರಾದ ಬಿರುಕುಗಳು ಮೂಡುತ್ತವೆ. ಧಾರವಾಡದ ಮಳೆಗಾಲದಲ್ಲಿ ಉಕ್ಕು ಮತ್ತು ಕ್ರೋಮ್ ಭಾಗಗಳನ್ನು ಎರಚಲು ಬೀಳುವ ಕಿಟಕಿಯಿಂದ ದೂರವಿಡಿ.

ಇಡುವ ಜಾಗದ ಬಗ್ಗೆ ಹೇಳುವುದಾದರೆ, ನಮ್ಮ ಜಂತಿ-ಮಾಳಿಗೆಯ ಮತ್ತು ಹಂಚಿನ ಮನೆಗಳಿಗೆ ಕಾಸ್ತಿಲ್ಯೋನಿ ಸಹೋದರರ ಆರ್ಕೊ ದೀಪದಷ್ಟು ಒಪ್ಪುವುದು ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಚಾವಣಿಗೆ ರಂಧ್ರ ಕೊರೆಯದೆ ಮೇಜಿನ ಮೇಲೆ ಬೆಳಕು ತೂಗಬೇಕೆಂಬ ಉದ್ದೇಶದಿಂದಲೇ ಅವರು 1962ರಲ್ಲಿ ಅದನ್ನು ರೂಪಿಸಿದರು: ಉಕ್ಕಿನ ಕಮಾನು ಎರಡು ಮೀಟರಿನಷ್ಟು ದೂರ ಚಾಚುತ್ತದೆ, ಅದನ್ನು ಸುಮಾರು 65 ಕಿಲೊ ತೂಕದ ಕರಾರಾ ಅಮೃತಶಿಲೆಯ ಬುಡ ಹಿಡಿದು ನಿಲ್ಲಿಸುತ್ತದೆ. ಶಿಲೆಯಲ್ಲಿರುವ ತೂತು ಅಲಂಕಾರಕ್ಕಲ್ಲ. ಗಟ್ಟಿ ಕೋಲು ತೂರಿಸಿ ಇಬ್ಬರು ಎರಡು ಕಡೆಯಿಂದ ಎತ್ತಲು ಇಟ್ಟದ್ದು. ಹಗುರ ಬುಡದ ನಕಲುಗಳು ಉರುಳಿ ಬೀಳಬಹುದಾದ್ದರಿಂದ ಕೊಳ್ಳುವ ಮೊದಲು ತೂಕ ನೋಡಿ. ಶಹಾಬಾದಿ ಫರಸಿಯ ನೆಲ ಏರುಪೇರಾಗಿದ್ದರೆ ಬುಡ ಅಲುಗಾಡದ ಜಾಗವನ್ನು ಮೊದಲೇ ಹುಡುಕಿಟ್ಟುಕೊಂಡು, ಆಮೇಲೆ ಕಮಾನು ಜೋಡಿಸಿ.

ಬಿಚ್ಚಿ ತೆಗೆದ ಹಳೆಯ ವೈರು, ಪ್ಲಗ್, ಸ್ವಿಚ್ಚು ಮತ್ತು ತಿರುಪುಗಳನ್ನು ರದ್ದಿಗೆ ಹಾಕದೆ, ಯಾವ ಭಾಗವನ್ನು ಯಾವಾಗ ಬದಲಿಸಿದಿರಿ ಎಂದು ಬರೆದ ಚೀಟಿಯೊಂದಿಗೆ ಒಂದು ಡಬ್ಬಿಯಲ್ಲಿ ಹಾಕಿಡಿ. ಮುಂದೆ ಈ ದೀಪವನ್ನು ದುರಸ್ತಿ ಮಾಡುವವರಿಗಾಗಲಿ ಕೊಳ್ಳುವವರಿಗಾಗಲಿ ಅದರ ಮೂಲರೂಪ ತಿಳಿಯುವುದು ಅವುಗಳಿಂದಲೇ.